ಸಕ್ಕರೆ ಬಿಟ್ಟರೆ ಸೊರಗುವುದು ಗೆಡ್ಡೆಯಲ್ಲ, ರೋಗಿ

ಕ್ಯಾನ್ಸರ್ ಎಂದು ಗೊತ್ತಾದ ಕೆಲವೇ ದಿನಗಳಲ್ಲಿ ರೋಗಿಯ ತಟ್ಟೆಯಿಂದ ಅನ್ನ, ಸಕ್ಕರೆ, ಹಾಲು, ತುಪ್ಪ ಒಂದೊಂದಾಗಿ ಮಾಯವಾಗಿ, ಕೊನೆಗೆ ತಿಳಿಗಂಜಿ ಮತ್ತು ಹಣ್ಣಿನ ರಸವಷ್ಟೇ ಉಳಿಯುವ ಮನೆಗಳಿವೆ. ಪಥ್ಯಕ್ಕೆ ಕೈಹಾಕುವ ಮೊದಲು ತೂಕ ನೋಡಿ. ವಾರಕ್ಕೊಮ್ಮೆ, ಬೆಳಿಗ್ಗೆ, ಒಂದೇ ಯಂತ್ರದ ಮೇಲೆ ನೋಡಿ ಬರೆದಿಡಿ. ಪ್ರಯತ್ನಪಡದೆಯೇ ಆರು ತಿಂಗಳಲ್ಲಿ ಶೇ 5ಕ್ಕಿಂತ ಹೆಚ್ಚು, ಅಂದರೆ 60 ಕೆ.ಜಿ.ಯವರು 3 ಕೆ.ಜಿ.ಗಿಂತ ಹೆಚ್ಚು ಇಳಿದರೆ, ಅದನ್ನು ಕ್ಯಾಕೆಕ್ಸಿಯಾ ಎನ್ನುತ್ತಾರೆ. ಇದು 2011ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿದ ಅಳತೆ. ಮೊದಲೇ ಸಣಕಲಾಗಿರುವವರಲ್ಲಿ ಶೇ 2 ದಾಟಿದರೂ ಎಚ್ಚರ ಬೇಕು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ಕಾಲು ಬಾತಿದ್ದರೆ ತೂಕವನ್ನು ನಂಬಬೇಡಿ. ತೋಳು, ತೊಡೆ ತೆಳುವಾಗಿವೆಯೇ ನೋಡಿ.

ಸಕ್ಕರೆ ನಿಲ್ಲಿಸಿದರೆ ಗೆಡ್ಡೆ ಹಸಿದು ಸಾಯುತ್ತದೆ ಎಂಬ ವಾದಕ್ಕೆ ಅರ್ಧ ಸತ್ಯದ ಬಲವಿದೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ವಿಪರೀತ ಕಬಳಿಸುತ್ತವೆಂದು ಜರ್ಮನಿಯ ಒಟ್ಟೋ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಆದರೆ ತಟ್ಟೆಯಲ್ಲಿಲ್ಲದ್ದು ರಕ್ತದಲ್ಲೂ ಇರುವುದಿಲ್ಲ ಎಂದುಕೊಳ್ಳುವುದೇ ತಪ್ಪು. ಊಟ ಕಡಿಮೆಯಾದರೆ ದೇಹ ಸ್ನಾಯುವಿನ ಪ್ರೋಟೀನನ್ನು ಒಡೆಯುತ್ತದೆ, ಯಕೃತ್ತು ಅದರಿಂದ ಗ್ಲೂಕೋಸ್ ತಯಾರಿಸುತ್ತದೆ. ಗೆಡ್ಡೆ ಹೊರಹಾಕಿದ ಲ್ಯಾಕ್ಟೇಟ್ ಎಂಬ ತ್ಯಾಜ್ಯವನ್ನೂ ಯಕೃತ್ತು ಮತ್ತೆ ಗ್ಲೂಕೋಸ್ ಮಾಡುತ್ತದೆ. ಆ ಕೆಲಸಕ್ಕೂ ರೋಗಿಯ ಶಕ್ತಿಯೇ ಖರ್ಚು. ಹೀಗೆ ಗೆಡ್ಡೆಗೆ ಪಾಲು ಸಿಗುತ್ತಲೇ ಇರುತ್ತದೆ, ಸವೆಯುವುದು ತೋಳು, ತೊಡೆ. ಸಕ್ಕರೆ, ಪಿಷ್ಟ ತೀರಾ ಕಡಿಮೆ ಮಾಡಿ ಕೊಬ್ಬು ಹೆಚ್ಚಿಸುವ ಕೀಟೊ ಆಹಾರದ ಪ್ರಯೋಗಗಳಿಲ್ಲವೇ ಎನ್ನಬಹುದು. ಇವೆ, ಹೆಚ್ಚಿನವು ಚಿಕ್ಕವು. ಆಯುಸ್ಸು ಹೆಚ್ಚಿತೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಮಧುಮೇಹಿಗಳ ಸಕ್ಕರೆ ನಿಯಂತ್ರಣ ಬೇರೆಯೇ ವಿಷಯ, ಅದು ವೈದ್ಯರು ಹೇಳಿದಂತೆ ನಡೆಯಲಿ. ಹಾಗಾದರೆ ಚೆನ್ನಾಗಿ ಉಣಿಸಿದರೆ ಸಾಕೇ? ಅದೂ ಸಾಲದು. ಇಂಟರ್‌ಲ್ಯೂಕಿನ್-6ರಂಥ ಉರಿಯೂತದ ರಾಸಾಯನಿಕಗಳು ಸ್ನಾಯುವನ್ನು ಕರಗಿಸುತ್ತಲೇ ಹಸಿವನ್ನೂ ಕೊಲ್ಲುತ್ತವೆ. ಆದ್ದರಿಂದಲೇ ಕ್ಯಾಕೆಕ್ಸಿಯಾ ಬರೀ ಊಟದಿಂದ ಪೂರ್ತಿ ಹಿಮ್ಮರಳುವುದಿಲ್ಲ, ಪೋಷಣೆಯನ್ನು ಬೇಗ ಶುರುಮಾಡಬೇಕು. ತಿನ್ನದ ರೋಗಿಯನ್ನು ಗದರುವುದಂತೂ ಅನ್ಯಾಯ.

ಯುರೋಪಿನ ಪೋಷಣಾ ತಜ್ಞರ ಸಂಘ ಎಸ್ಪೆನ್ ಹೇಳುವ ಲೆಕ್ಕ: ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 25ರಿಂದ 30 ಕ್ಯಾಲೊರಿ, 1ರಿಂದ 1.5 ಗ್ರಾಂ ಪ್ರೋಟೀನ್. 50 ಕೆ.ಜಿ.ಯವರಿಗೆ 50–75 ಗ್ರಾಂ. ಮೊಟ್ಟೆಯೊಂದರಲ್ಲಿ ಸುಮಾರು 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲೂ ಅಷ್ಟೇ. ತಿಳಿಗಂಜಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಗಂಜಿಗೆ ಹೆಸರುಬೇಳೆ, ತುಪ್ಪ, ಶೇಂಗಾ ಪುಡಿ ಸೇರಿಸಿ. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಮೊಟ್ಟೆ ಪೂರ್ತಿ ಬೆಂದಿರಲಿ. ರೋಗಿಯನ್ನು ಕೈಲಾದಷ್ಟು ನಡೆದಾಡಿಸಿ. ಬಾಯಿಹುಣ್ಣು, ವಾಂತಿ, ಮಲಬದ್ಧತೆಗೆ ಔಷಧಿಯಿದೆ, ಸಹಿಸಿಕೊಂಡು ಕೂರಬೇಡಿ. ಕಿಡ್ನಿ ತೊಂದರೆ ಇರುವವರಿಗೆ ಪ್ರೋಟೀನಿನ ಲೆಕ್ಕ ಬದಲಾಗುತ್ತದೆ. ಯಾವ ಆಹಾರವನ್ನೇ ಆಗಲಿ ಬಿಡಿಸುವ ಮೊದಲು ಕ್ಯಾನ್ಸರ್ ವೈದ್ಯರನ್ನೋ ಡಯಟಿಷಿಯನ್ನರನ್ನೋ ಒಮ್ಮೆ ಕೇಳಿ.