ಗೋಸುಂಬೆಗೆ ಪುಡಿ ಎಷ್ಟು?

ವಿದೇಶದಲ್ಲಿದ್ದು ಯೆಮನ್ ಮೂಲದ ವೇಲ್ಡ್ ಗೋಸುಂಬೆ ಸಾಕಿರುವವರಿಗೆ ಈ ಮಾತು. (ನಮ್ಮೂರ ಗೋಸುಂಬೆಯನ್ನು ದಯವಿಟ್ಟು ಹಿಡಿದು ತರಬೇಡಿ, 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.) ಅಂಗಡಿಯಲ್ಲಿ ಸಿಗುವ ಹುಳುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಬರೀ ಅವನ್ನೇ ತಿಂದರೆ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ, ಕೊಂಬೆ ಹಿಡಿಯಲೂ ಆಗುವುದಿಲ್ಲ. ಹಾಗಾಗಿ ದಿನದ ಊಟಕ್ಕೆ ರಂಜಕ, ಡಿ3 ಎರಡೂ ಇಲ್ಲದ ಕ್ಯಾಲ್ಸಿಯಂ ಪುಡಿ ಬಳಸಿ. ಹುಳುಗಳನ್ನು ಡಬ್ಬಿಗೆ ಹಾಕಿ, ಚಿಟಿಕೆ ಪುಡಿ ಉದುರಿಸಿ ಮೆಲ್ಲಗೆ ಕುಲುಕಿ. ಪುಡಿಯ ಅಡಿಯಲ್ಲಿ ಹುಳುವಿನ ಬಣ್ಣ ಕಾಣುತ್ತಿರಬೇಕು. ಡಿ3, ಮಲ್ಟಿವಿಟಮಿನ್ ಸಾಮಾನ್ಯವಾಗಿ ತಿಂಗಳಿಗೆರಡು ಸಲ ಸಾಕು. ಎ, ಡಿ ವಿಟಮಿನ್‌ಗಳು ಹೆಚ್ಚಾದರೆ ಮೈಯಲ್ಲೇ ಉಳಿದು ವಿಷವಾಗುತ್ತವೆ. ಯುವಿಬಿ ದೀಪವಂತೂ ಇರಲೇಬೇಕು. ಹುಳುಗಳಿಗೂ ಹಿಂದಿನ ದಿನವೇ ಸೊಪ್ಪು, ಕ್ಯಾರೆಟ್ ತಿನ್ನಿಸಿಡಿ.