ಕಣ್ಣು ಕೇಳಬಲ್ಲುದೆ?

ಶಿರ್ವದಲ್ಲಿ ಆಷಾಢದ ಮಳೆ ಸುರಿಯುವಾಗ ಹಂಚಿನ ಮಾಡಿನ ಕೆಳಗೆ ಪಾಠ ಕೇಳಿದವರಿಗೆಲ್ಲ ಒಂದು ಅನುಭವ ಉಂಟು. ಉಪಾಧ್ಯಾಯರು ನಮ್ಮತ್ತ ಮುಖಮಾಡಿ ಮಾತನಾಡುವಷ್ಟು ಹೊತ್ತೂ ಪಾಠ ತಿಳಿಯುತ್ತದೆ. ಅವರು ಕಪ್ಪುಹಲಗೆಯ ಕಡೆಗೆ ತಿರುಗಿದೊಡನೆ ಮಾತು ಮಳೆಯ ಸದ್ದಿನಲ್ಲಿ ಕರಗಿಹೋಗುತ್ತದೆ. ಧ್ವನಿ ಕೊಂಚ ತಗ್ಗುವುದು ನಿಜ; ಆದರೆ ಅದೊಂದೇ ಕಾರಣವಲ್ಲ. ಅವರ ತುಟಿಗಳು ನಮ್ಮ ಕಣ್ಣಿಗೆ ಮರೆಯಾದುವೆಂಬುದೂ ಕಾರಣವೇ. ಗದ್ದಲ ಹೆಚ್ಚಿದಷ್ಟೂ ಮಾತನಾಡುವವನ ಮುಖವನ್ನು ಕಾಣುವುದರಿಂದಾಗುವ ಪ್ರಯೋಜನವೂ ಹೆಚ್ಚೆಂದು ಸಂಬಿ ಮತ್ತು ಪೊಲಾಕ್ ಎಂಬ ಸಂಶೋಧಕರು 1954ರಲ್ಲಿಯೇ ತೋರಿಸಿದರು.

ಹಾಗಾದರೆ ಕಣ್ಣು ಕೇಳಬಲ್ಲುದೆ? 1976ರಲ್ಲಿ ಮ್ಯಾಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬುವರು ಪ್ರಕಟಿಸಿದ ಪ್ರಯೋಗವನ್ನು ನೋಡೋಣ. ‘ಗ’ ಎಂದು ನುಡಿಯುವ ಮುಖದ ಚಿತ್ರಕ್ಕೆ ಅವರು ‘ಬ’ ಎಂಬ ಧ್ವನಿಯನ್ನು ಜೋಡಿಸಿದರು. ನೋಡಿದವರಲ್ಲಿ ಹೆಚ್ಚಿನವರಿಗೆ ಕೇಳಿಸಿದುದು ಎರಡೂ ಅಲ್ಲ, ‘ಡ’! ಕಣ್ಣು ಮುಚ್ಚಿದರೆ ಮತ್ತೆ ‘ಬ’. ಕಿವಿಗೆ ಬಿದ್ದ ಧ್ವನಿ ಬದಲಾಗಲಿಲ್ಲ. ಬದಲಾದುದು ಮಿದುಳಿನ ತೀರ್ಪು.

ಈ ಕೂಡುವಿಕೆ ನಡೆಯುವುದೆಲ್ಲಿ? ಅದಕ್ಕೆ ಒಂದೇ ಸ್ಥಾನವಿಲ್ಲ. ಮಾತಿನ ವಿಷಯದಲ್ಲಿ ಕಿವಿಯ ಮೇಲ್ಗಡೆಯಿರುವ ಮಿದುಳಿನ ಹೊರಪದರದ ಭಾಗಗಳು ಮುಖ್ಯವಾದುವು. ಇದಕ್ಕಿಂತ ಸರಳವಾದ ಉದಾಹರಣೆ ನಡುಮಿದುಳಿನ ಬೆನ್ನಿನಲ್ಲಿರುವ ಪುಟ್ಟ ಉಬ್ಬುಗಳಲ್ಲಿ ದೊರೆಯುತ್ತದೆ. ಬೆಕ್ಕಿನ ಈ ಭಾಗವನ್ನು ಮೆರೆಡಿತ್ ಮತ್ತು ಸ್ಟೈನ್ ಎಂಬುವರು 1980ರ ದಶಕದಲ್ಲಿ ಪರೀಕ್ಷಿಸಿದರು. ಮಂದವಾದ ಬೆಳಕಿಗಾಗಲಿ ಮೆಲುವಾದ ಸದ್ದಿಗಾಗಲಿ ಅಷ್ಟಾಗಿ ಓಗೊಡದ ನರಕೋಶವು, ಎರಡೂ ಒಂದೇ ಎಡೆಯಿಂದ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಂದಾಗ ಜೋರಾಗಿ ಸ್ಪಂದಿಸಿತು. ಕೆಲವು ಕೋಶಗಳಲ್ಲಿ ಆ ಸ್ಪಂದನ ಎರಡರ ಮೊತ್ತವನ್ನೂ ಮೀರಿತು.

‘ಹೆಚ್ಚುಕಡಿಮೆ’ ಎಂದೆವಷ್ಟೆ. ಬಯಲಾಟದಲ್ಲಿ ರಂಗಸ್ಥಳದಿಂದ 34 ಮೀಟರು ದೂರದಲ್ಲಿ ಕುಳಿತಿದ್ದೇವೆನ್ನೋಣ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಆದುದರಿಂದ ಚೆಂಡೆಯ ಪೆಟ್ಟು ಕಂಡ ಮೇಲೆ ಸೆಕೆಂಡಿನ ಹತ್ತನೆಯ ಒಂದಂಶ ಕಳೆದು ಅದರ ಸದ್ದು ಬರುತ್ತದೆ. ಮಿದುಳು ಈ ಅಂತರವನ್ನು ಸಾಮಾನ್ಯವಾಗಿ ಮನ್ನಿಸುತ್ತದೆ. ಗದ್ದೆಯಾಚೆ, 340 ಮೀಟರು ದೂರದಲ್ಲಿ, ಬಟ್ಟೆ ಒಗೆಯುವುದನ್ನು ನೋಡಿದರೆ ಪೆಟ್ಟೂ ಸದ್ದೂ ಬೇರೆಬೇರೆಯಾಗುತ್ತವೆ. ಅದೇ ಆಟದಲ್ಲಿ ವೇಷಧಾರಿಯ ಮಾತು ಪಕ್ಕದ ಧ್ವನಿವರ್ಧಕದಿಂದ ಹೊರಟರೂ ಅವನ ಬಾಯಿಂದಲೇ ಬಂದಂತೆ ತೋರುತ್ತದೆ. ಯಾವ ಇಂದ್ರಿಯದ ವರದಿ ಹೆಚ್ಚು ಖಚಿತವೋ ಅದಕ್ಕೆ ಮಿದುಳು ಹೆಚ್ಚು ಬೆಲೆ ಕೊಡುತ್ತದೆ. ಸ್ಥಳದ ವಿಷಯದಲ್ಲಿ ಸಾಮಾನ್ಯವಾಗಿ ಕಣ್ಣೇ ಮೇಲು. ಕಾಲದ ವಿಷಯದಲ್ಲಿ ಕಿವಿ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ನಲ್ಲಿಯ ನೀರು ಬಕೆಟ್ಟಿಗೆ ಸುರಿಯುತ್ತಿರಲಿ. ಗೆಳೆಯನೊಬ್ಬನು ಮೆಲುದನಿಯಲ್ಲಿ 20 ಪದಗಳನ್ನು ಓದಲಿ. ನೀವು ಕೇಳಿದುದನ್ನು ಬರೆದುಕೊಳ್ಳಿರಿ. ಬಳಿಕ ಕಣ್ಣು ಮುಚ್ಚಿ ಬೇರೆ 20 ಪದಗಳನ್ನು ಕೇಳಿ, ಪ್ರತಿಯೊಂದನ್ನೂ ಗಟ್ಟಿಯಾಗಿ ಹೇಳಿರಿ, ಇನ್ನೊಬ್ಬನು ಬರೆದುಕೊಳ್ಳಲಿ. ಸರಿಯುತ್ತರಗಳನ್ನು ಎಣಿಸಿ ಹೋಲಿಸಿರಿ.

ಕಿವಿ ಮಂದವಾಗಿರುವ ಸಹಪಾಠಿಗೆ ಮಳೆಗಾಲವೇ ಅಲ್ಲ, ಪ್ರತಿದಿನವೂ ಇಂಥ ಪರೀಕ್ಷೆಯೇ. ಅವನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಮುಖ ಕೊಟ್ಟು ಮಾತನಾಡಿದರೆ ನಾವು ತೋರುವುದು ಬರಿಯ ಸೌಜನ್ಯವಲ್ಲ. ಅವನ ಮಿದುಳಿಗೆ ಬೇಕಾದ ಅರ್ಧ ವಾಕ್ಯವನ್ನು ಒದಗಿಸಿದಂತೆಯೇ ಸರಿ.