ಕೊಠಡಿ ಬೇಕಾದರೆ ಊಟವನ್ನೂ ಕೊಳ್ಳಬೇಕೆ?

ಡಿಸೆಂಬರ್ ಕೊನೆಯ ವಾರ ಬೆಂಗಳೂರಿನಿಂದ ಗೋವಾ ಕಡೆಗೆ ಹೊರಡುವವರಲ್ಲಿ ಬಹಳ ಮಂದಿ ಕ್ರಿಸ್‌ಮಸ್ ಆಚರಿಸುವವರೇನಲ್ಲ. ಮಕ್ಕಳಿಗೆ ರಜೆ, ಕಚೇರಿಯಲ್ಲಿ ಉಳಿದ ರಜೆ ಮುಗಿಸುವ ಆತುರ, ಹಿತವಾದ ಚಳಿ. ಹೊರಡಲು ಅಷ್ಟು ಸಾಕು. ಹೋಟೆಲ್‌ನವರ ಲೆಕ್ಕ ಮಾತ್ರ ಬೇರೆ. 24ರ ರಾತ್ರಿ ತಂಗುವವರೆಲ್ಲ ಅವರ ಪಾಲಿಗೆ ಹಬ್ಬದವರೇ. ‘ಗಾಲಾ ಡಿನ್ನರ್ ಕಡ್ಡಾಯ’ ಎಂಬ ಮಾತು ಕೆಲವರ ಕಿವಿಗೆ ಬೀಳುವುದು ಚೆಕ್‌ಇನ್ ಕೌಂಟರಿನಲ್ಲಿ, ಲಗೇಜು ಇಳಿಸಿದ ಮೇಲೆ. ಮೊಟ್ಟೆಯನ್ನೂ ಮುಟ್ಟದ ಅಜ್ಜಿಗೂ ಎಂಟಕ್ಕೇ ನಿದ್ದೆಹೋಗುವ ಮೊಮ್ಮಗನಿಗೂ ತಲೆಗಿಷ್ಟು ಎಂದು ಬಿಲ್ ಬೆಳೆಯುತ್ತದೆ.

ಸೀಸನ್ ಎಂದು ಕೊಠಡಿ ಬಾಡಿಗೆಯನ್ನು ಎರಡು ಮೂರು ಪಟ್ಟು ಏರಿಸಿದರೆ ಕಾನೂನು ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಕೊಡಲೊಲ್ಲದವರು ಬೇರೆ ಊರು ನೋಡಿಕೊಳ್ಳಬೇಕು, ಅಷ್ಟೆ. ಆದರೆ ಕೊಠಡಿ ಬೇಕೆಂದವರಿಗೆ ಬೇಡದ ಊಟವನ್ನೂ ಕಟ್ಟಿ ಮಾರುವುದು ಅದೇ ಸಾಲಿಗೆ ಸೇರುವುದಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಸೆಕ್ಷನ್ 2(41), ಒಂದು ಸೇವೆ ಪಡೆಯಲು ಇನ್ನೊಂದನ್ನು ಕೊಳ್ಳಲೇಬೇಕೆಂಬ ಷರತ್ತನ್ನು ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಗುರುತಿಸುತ್ತದೆ. ದೂರು ಕೊಡಲು ಅದೇ ಆಧಾರ.

ಆ್ಯಪ್‌ನಲ್ಲಿ ಒಂದು ದರ ತೋರಿಸಿ ಕೊನೆಗೆ ಇನ್ನೊಂದು ಕೇಳಿದರೆ ಗ್ರಾಹಕರ ವಾದ ಮತ್ತಷ್ಟು ಗಟ್ಟಿ. 2023ರ ನವೆಂಬರ್ 30ರಂದು ಹೊರಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಇಂಥ 13 ಕಣ್ಕಟ್ಟುಗಳನ್ನು ಹೆಸರಿಸಿ ನಿಷೇಧಿಸಿದೆ. ದರದ ಒಂದು ಭಾಗವನ್ನು ಕೊನೆಯವರೆಗೂ ಬಚ್ಚಿಡುವ ‘ಡ್ರಿಪ್ ಪ್ರೈಸಿಂಗ್’ ಅವುಗಳಲ್ಲೊಂದು; ಕೇಳದ್ದನ್ನು ಬಿಲ್ಲಿಗೆ ಸದ್ದಿಲ್ಲದೆ ತುರುಕುವ ‘ಬಾಸ್ಕೆಟ್ ಸ್ನೀಕಿಂಗ್’ ಇನ್ನೊಂದು. ಹಾಗೆಂದು ಎಲ್ಲ ಪ್ರಕರಣವೂ ಸಲೀಸಲ್ಲ. ಊಟದ ಶುಲ್ಕವನ್ನು ಬುಕಿಂಗ್ ಪುಟದಲ್ಲೇ ಎದ್ದುಕಾಣುವಂತೆ ಬರೆದಿದ್ದು, ಗ್ರಾಹಕ ಒಪ್ಪಿ ಹಣ ಕಟ್ಟಿದ್ದರೆ ಹೋಟೆಲ್ ಆ ಒಪ್ಪಿಗೆಯನ್ನೇ ಮುಂದಿಡುತ್ತದೆ. ಆದ್ದರಿಂದ ಹಣ ಕಟ್ಟುವ ಮುನ್ನ ‘ಈ ದಿನಾಂಕಗಳಿಗೆ ಒಟ್ಟು ಎಷ್ಟು, ಬೇರೇನಾದರೂ ಕಡ್ಡಾಯವೇ’ ಎಂದು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ದರ ತೋರಿಸಿದ ಪುಟದ ಸ್ಕ್ರೀನ್‌ಶಾಟನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಕೌಂಟರಿನಲ್ಲಿ ಜಗಳಕ್ಕಿಂತ, ಬಿಲ್ ಮೇಲೆ ‘ಆಕ್ಷೇಪಿಸಿ ಪಾವತಿಸಿದ್ದೇನೆ’ ಎಂದು ಬರೆದು ಫೋಟೊ ತೆಗೆದುಕೊಳ್ಳುವುದು ಮುಂದೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಊಟದ ಬಿಲ್ಲಿಗೆ ತಾನಾಗಿಯೇ ಸೇರಿಕೊಳ್ಳುವ ಸರ್ವಿಸ್ ಚಾರ್ಜ್ ಕೂಡ ಕಡ್ಡಾಯವಲ್ಲ. ಅದನ್ನು ತಡೆಯುವ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ.

ದಾರಿಯಲ್ಲಿ ಎದುರಾಗುವ ತೊಂದರೆಗಳಿಗೆ ಬೇರೆ ನಿಯಮಗಳಿವೆ. ಹತ್ತುವ ನಿಲ್ದಾಣಕ್ಕೆ ರೈಲು ಮೂರು ಗಂಟೆಗಿಂತ ಹೆಚ್ಚು ತಡವಾದಾಗ ಪ್ರಯಾಣ ಕೈಬಿಟ್ಟು, ರೈಲು ಹೊರಡುವ ಮೊದಲೇ ಟಿಡಿಆರ್ (ಹಣ ವಾಪಸು ಕೋರುವ ಅರ್ಜಿ) ಸಲ್ಲಿಸಿದರೆ ಟಿಕೆಟ್ ಹಣ ಪೂರ್ತಿ ವಾಪಸು. ತಡದಿಂದಾದ ಬೇರೆ ನಷ್ಟವನ್ನೂ ಕೇಳಬಹುದು. 2016ರಲ್ಲಿ ಅಜ್ಮೀರ್–ಜಮ್ಮು ಎಕ್ಸ್‌ಪ್ರೆಸ್ ನಾಲ್ಕು ಗಂಟೆ ತಡವಾಗಿ, ಒಂದು ಕುಟುಂಬಕ್ಕೆ ಶ್ರೀನಗರದ ವಿಮಾನ ತಪ್ಪಿತು, ಟ್ಯಾಕ್ಸಿಯಲ್ಲಿ ಹೋಗಬೇಕಾಯಿತು. ತಡಕ್ಕೆ ಕಾರಣವನ್ನು ರೈಲ್ವೆಯೇ ಸಾಬೀತು ಮಾಡಬೇಕು, ಇಲ್ಲವಾದರೆ ಪರಿಹಾರ ಕೊಡಬೇಕು ಎಂದು 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕುಟುಂಬಕ್ಕೆ ಗ್ರಾಹಕ ವೇದಿಕೆ ಕೊಡಿಸಿದ್ದ ಪರಿಹಾರ ಹಾಗೇ ಉಳಿಯಿತು.

ವಿಮಾನದ ಮಾತೇ ಬೇರೆ. ಡಿಸೆಂಬರಿನ ಮಂಜು ದೆಹಲಿಯನ್ನಷ್ಟೇ ಅಲ್ಲ, ದೇವನಹಳ್ಳಿಯನ್ನೂ ಕಾಡುತ್ತದೆ. ಹವಾಮಾನದಿಂದ ವಿಮಾನ ರದ್ದಾದರೆ ನಗದು ಪರಿಹಾರ ಸಿಗದು. ಆದರೆ ಬೇರೆ ವಿಮಾನ ಬೇಕೋ ಪೂರ್ತಿ ಹಣ ಬೇಕೋ ಎಂಬ ಆಯ್ಕೆ ಪ್ರಯಾಣಿಕರದೇ. ಸಂಸ್ಥೆಯ ತಪ್ಪಿನಿಂದ, ನಿಯಮದಂತೆ ಮುಂಚೆ ತಿಳಿಸದೆ ರದ್ದಾದರೆ ಹಾರಾಟದ ಅವಧಿಗೆ ತಕ್ಕಂತೆ ಗರಿಷ್ಠ 5,000ದಿಂದ 10,000 ರೂಪಾಯಿವರೆಗೆ ಪರಿಹಾರ ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮ ಹೇಳುತ್ತದೆ. ಹೆಚ್ಚು ಟಿಕೆಟ್ ಮಾರಿಕೊಂಡು ಸೀಟಿಲ್ಲವೆಂದು ತಡೆದರೆ ಈ ಮಿತಿ 20,000ಕ್ಕೆ ಏರಬಹುದು. ಇಲ್ಲೊಂದು ಕೊಕ್ಕೆ ಇದೆ: ಪ್ರಯಾಣಿಕರು ಸರಿಯಾದ ಸಂಪರ್ಕ ವಿವರ ಕೊಟ್ಟಿರಬೇಕು. ಏಜೆಂಟರು ತಮ್ಮದೇ ಮೊಬೈಲ್ ಸಂಖ್ಯೆ ತುಂಬಿದ್ದರೆ ರದ್ದಾದ ಸುದ್ದಿಯೂ ತಲುಪದು, ಪರಿಹಾರವೂ ಕೈತಪ್ಪೀತು.

ಎಲ್ಲಕ್ಕೂ ಮೊದಲ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಹೋಟೆಲ್ ಪಣಜಿಯಲ್ಲಿದ್ದರೂ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸೇವೆಗೆ ತೆತ್ತ ಮೊತ್ತ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಇ-ಜಾಗೃತಿ ಪೋರ್ಟಲ್‌ನಲ್ಲಿ ದೂರು ಸಲ್ಲಿಸಬೇಕು. ವಿಚಾರಣೆಯನ್ನು ವಿಡಿಯೊ ಮೂಲಕ ನಡೆಸುವಂತೆ ಆಯೋಗಕ್ಕೆ ಅರ್ಜಿ ಹಾಕಿಕೊಳ್ಳಲೂ ಕಾಯ್ದೆಯಲ್ಲಿ ಅವಕಾಶವಿದೆ.